ಫ್ಲಾರೆನ್ಸ್ ನೈಟಿಂಗೇಲ್: ಆಸ್ಪತ್ರೆಗಳಿಗೆ ಒಂದೇ ಲೆಕ್ಕದ ಭಾಷೆ ಬೇಕೆಂದವರು

ಆಸ್ಪತ್ರೆಯಿಂದ ಮನೆಗೆ ಹೊರಡುವಾಗ ಕೈಗೆ ಕೊಡುವ ಡಿಸ್ಚಾರ್ಜ್ ಕಾಗದದಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ಕಾಲಂ ಇರುತ್ತದೆ: ಬಿಡುಗಡೆಯ ಸಮಯದಲ್ಲಿ ರೋಗಿಯ ಸ್ಥಿತಿ. ಗುಣಮುಖ, ಸುಧಾರಣೆ, ಬದಲಾವಣೆ ಇಲ್ಲ, ವೈದ್ಯರ ಸಲಹೆ ಮೀರಿ ಹೋದವರು, ಮರಣ, ಹೀಗೆ ಕೆಲವು ಆಯ್ಕೆಗಳು. ಬಿಲ್ಲು ಎಷ್ಟಾಯಿತು, ಮಾತ್ರೆ ಎಷ್ಟು ದಿನ ಎಂದು ನೋಡುವ ನಾವು ಈ ಕಾಲಂ ಕಡೆ ಕಣ್ಣು ಹಾಯಿಸುವುದೇ ಇಲ್ಲ. ಆದರೆ ಒಂದು ರಾಜ್ಯದ ಅಥವಾ ದೇಶದ ಆರೋಗ್ಯದ ಲೆಕ್ಕ ಕಟ್ಟುವುದು ಇಂಥ ಕಾಲಂಗಳಿಂದಲೇ. ಬೆಂಗಳೂರಿನ ಆಸ್ಪತ್ರೆ ಸುಧಾರಣೆ ಎಂದು ಬರೆದದ್ದಕ್ಕೂ ಮುಂಬೈಯ ಆಸ್ಪತ್ರೆ ಸುಧಾರಣೆ ಎಂದು ಬರೆದದ್ದಕ್ಕೂ ಅರ್ಥ ಒಂದೇ ಆಗಿರದಿದ್ದರೆ ಎರಡನ್ನೂ ಕೂಡಿಸಿ ಬರುವ ಮೊತ್ತಕ್ಕೆ ಬೆಲೆ ಇಲ್ಲ.

ಈ ಕಾಲಂಗಳು ಎಲ್ಲ ಆಸ್ಪತ್ರೆಗಳಲ್ಲೂ ಒಂದೇ ಆಗಿರಬೇಕು ಎಂದು 160 ವರ್ಷಗಳ ಹಿಂದೆಯೇ ಹಟ ಹಿಡಿದವರಲ್ಲಿ ಮುಖ್ಯರು ಫ್ಲಾರೆನ್ಸ್ ನೈಟಿಂಗೇಲ್. ನಮ್ಮ ಶಾಲಾ ಪಾಠಗಳಲ್ಲಿ ಅವರು ಕೈಯಲ್ಲಿ ದೀಪ ಹಿಡಿದು ರಾತ್ರಿ ವಾರ್ಡಿನಲ್ಲಿ ನಡೆಯುವ ದಾದಿ. ಆ ಚಿತ್ರ ಸುಳ್ಳಲ್ಲ. ಆದರೆ ದೀಪ ಹಿಡಿದದ್ದು ಎರಡು ವರ್ಷಕ್ಕೂ ಕಡಿಮೆ. ಫಾರಂ, ಪಟ್ಟಿ, ಕೋಷ್ಟಕಗಳ ಜೊತೆ ಕಳೆದದ್ದು ನಲವತ್ತು ವರ್ಷಕ್ಕೂ ಹೆಚ್ಚು.

ಮೂರು ರಿಜಿಸ್ಟರ್, ಮೂರು ಮೊತ್ತ

ನೈಟಿಂಗೇಲ್ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ಮನೆತನ ಸಿರಿವಂತ ಇಂಗ್ಲಿಷ್ ಮನೆತನ. ತಂದೆ ಮನೆಯಲ್ಲೇ ಪಾಠ ಹೇಳಿಕೊಟ್ಟರು. ಗಣಿತ ಕಲಿಯಬೇಕೆಂಬ ಆಸೆಗೆ ಮನೆಯಲ್ಲಿ ಮೊದಲು ಅಷ್ಟು ಒಪ್ಪಿಗೆ ಇರಲಿಲ್ಲ, ದಾದಿಯಾಗುವ ಆಸೆಗಂತೂ ಇರಲೇ ಇಲ್ಲ. ಆ ಕಾಲದಲ್ಲಿ ದಾದಿ ಕೆಲಸವೆಂದರೆ ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಮಾಡುವ ಕೆಲಸವಲ್ಲ. 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ತರಬೇತಿ ಪಡೆದು, 1853ರಲ್ಲಿ ಲಂಡನ್ನಿನ ಹಾರ್ಲಿ ಸ್ಟ್ರೀಟ್‌ನ ಒಂದು ಸಣ್ಣ ಆಸ್ಪತ್ರೆಯ ಮೇಲ್ವಿಚಾರಕಿಯಾದರು. ಮರುವರ್ಷ ಕ್ರಿಮಿಯಾ ಯುದ್ಧ. 38 ಮಹಿಳೆಯರ ತಂಡದೊಂದಿಗೆ 1854ರ ನವೆಂಬರ್ 4ರಂದು ಇಸ್ತಾಂಬುಲ್ ಬಳಿಯ ಸ್ಕುಟಾರಿಯ ಸೇನಾ ಆಸ್ಪತ್ರೆ ತಲುಪಿದರು.

ಅಲ್ಲಿನ ಕೊಳಕು, ಇಲಿ, ಹೇನು, ಕಟ್ಟಿಕೊಂಡ ಚರಂಡಿಗಳ ವಿಷಯ ಬೇಕಾದಷ್ಟು ಕಡೆ ಓದಿರುತ್ತೀರಿ. ಲೆಕ್ಕದ ಪುಸ್ತಕಗಳ ವಿಷಯ ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ. ಸತ್ತವರ ಲೆಕ್ಕ ಅಲ್ಲಿ ಮೂರು ಕಡೆ ಇತ್ತು. ಹೂಳಿದ ಹೆಣಗಳ ದಿನಪಟ್ಟಿ ಒಂದು. ವೈದ್ಯಾಧಿಕಾರಿಗಳ ವರದಿ ಇನ್ನೊಂದು. ಸೇನಾ ಕಚೇರಿಯ ಪಟ್ಟಿ ಮೂರನೆಯದು. ಮೂರರ ಮೊತ್ತವೂ ಬೇರೆ ಬೇರೆ! ಹೂಳಲ್ಪಟ್ಟ ನೂರಾರು ಸೈನಿಕರು ವೈದ್ಯರ ವರದಿಯಲ್ಲಿ ಕಾಣಿಸಿಕೊಂಡೇ ಇರಲಿಲ್ಲ.

ಯಾರೋ ಬೇಕೆಂದೇ ಸುಳ್ಳು ಬರೆದರು ಎಂದುಕೊಳ್ಳಬೇಕಾಗಿಲ್ಲ. ಹಡಗಿನಲ್ಲೇ ಸತ್ತು ದಡಕ್ಕೆ ಬಂದವನು ಆಸ್ಪತ್ರೆಯ ಸಾವೇ? ದಾಖಲಾತಿ ಬರೆಯುವ ಮೊದಲೇ ಕಾರಿಡಾರಿನಲ್ಲಿ ಪ್ರಾಣ ಬಿಟ್ಟವನು ಯಾರ ಲೆಕ್ಕಕ್ಕೆ? ಇದಕ್ಕೆ ಮೊದಲೇ ಒಂದು ಉತ್ತರ ನಿಗದಿಯಾಗಿರದಿದ್ದರೆ ಮೂವರು ಪ್ರಾಮಾಣಿಕ ಗುಮಾಸ್ತರು ಮೂರು ಸಂಖ್ಯೆ ಬರೆಯುತ್ತಾರೆ. ಇಂದು ಇದನ್ನು ದತ್ತಾಂಶದ ವ್ಯಾಖ್ಯೆ ಎನ್ನುತ್ತೇವೆ. ಅಂದರೆ ಒಂದು ಕಾಲಂನಲ್ಲಿ ಯಾರು ಸೇರುತ್ತಾರೆ, ಯಾರು ಸೇರುವುದಿಲ್ಲ, ಎಂದಿನಿಂದ ಎಂದಿನವರೆಗೆ ಎಂಬ ನಿಯಮ.

1855ರ ಫೆಬ್ರವರಿಯಲ್ಲಿ ಸ್ಕುಟಾರಿಯಲ್ಲಿ ಚಿಕಿತ್ಸೆಗೆ ಬಂದ 100 ಪ್ರಕರಣಗಳಲ್ಲಿ 42ಕ್ಕೂ ಹೆಚ್ಚು ಸಾವು. ಮಾರ್ಚ್‌ನಲ್ಲಿ ಸರ್ಕಾರ ಕಳಿಸಿದ ನೈರ್ಮಲ್ಯ ಆಯೋಗ ಬಂದು ಚರಂಡಿ ತೆರವು ಮಾಡಿಸಿ, ನೀರು ಗಾಳಿ ಸರಿಪಡಿಸಿತು. ಜೂನ್ ಹೊತ್ತಿಗೆ ಆ ಸಂಖ್ಯೆ 2ರ ಆಸುಪಾಸಿಗೆ ಇಳಿದಿತ್ತು. ಇದರ ಶ್ರೇಯವನ್ನೆಲ್ಲ ದಾದಿಯರ ಆರೈಕೆಗೆ ಕೊಡುವ ರೂಢಿ ಇದೆ. ನನ್ನ ಮಟ್ಟಿಗೆ ಚರಂಡಿ ತೋಡಿದವರ ಪಾಲು ದೊಡ್ಡದು. ನೈಟಿಂಗೇಲ್ ಕೂಡ ಇಂಗ್ಲೆಂಡಿಗೆ ಮರಳಿ ಅಂಕಿಗಳ ಮುಂದೆ ಕೂತ ಮೇಲೆ ನೈರ್ಮಲ್ಯದ ಪರವಾಗಿಯೇ ಗಟ್ಟಿಯಾಗಿ ನಿಂತರು.

ಔಷಧ ಅಂಗಡಿಯಿಂದ ಬಂದ ಗೆಳೆಯ

1856ರ ಆಗಸ್ಟ್‌ನಲ್ಲಿ ಅವರು ಸದ್ದಿಲ್ಲದೆ ಊರಿಗೆ ಮರಳಿದರು. ಅದೇ ವರ್ಷ ಪರಿಚಯವಾದವರು ವಿಲಿಯಂ ಫಾರ್. ಬಡ ಕೂಲಿ ಕುಟುಂಬದಲ್ಲಿ ಹುಟ್ಟಿ, ಅಪೊಥೆಕರಿ ಪರವಾನಗಿ ಪಡೆದು, ನಂತರ ಇಂಗ್ಲೆಂಡಿನ ಜನನ-ಮರಣ ನೋಂದಣಿ ಕಚೇರಿಯ ಅಂಕಿಅಂಶದ ಹೊಣೆ ಹೊತ್ತವರು. ಅಪೊಥೆಕರಿ ಎಂದರೆ ಔಷಧ ಅರೆದು ಕೊಡುತ್ತ ವೈದ್ಯವನ್ನೂ ಮಾಡುತ್ತಿದ್ದವರು, ನಮ್ಮ ಫಾರ್ಮಸಿ ವೃತ್ತಿಯ ಹಿರಿಯ ಬಂಧುಗಳು. ಆದ್ದರಿಂದ ಫಾರ್ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ಅಭಿಮಾನ.

ಫಾರ್ ಎದುರಿಸಿದ ತೊಂದರೆ ಸರಳ. ಒಂದೇ ಕಾಯಿಲೆಗೆ ನಾಲ್ಕು ಹೆಸರು, ಒಂದೇ ಹೆಸರಿನಡಿ ನಾಲ್ಕು ಕಾಯಿಲೆ. ಅಂಗಡಿಯಲ್ಲಿ ತೂಕದ ಕಲ್ಲು ಒಂದೇ ಇರಬೇಕಾದಂತೆ ರೋಗದ ಹೆಸರೂ ಒಂದೇ ಇರಬೇಕು ಎಂಬುದು ಅವರ ವಾದ. ಅವರು ಸಾವಿನ ಕಾರಣಗಳನ್ನು ಗುಂಪುಗಳಾಗಿ ಜೋಡಿಸಿದ ಕ್ರಮ, 1893ರಲ್ಲಿ ಫ್ರಾನ್ಸಿನ ಜಾಕ್ ಬೆರ್ಟಿಲ್ಯೋನ್ ಮಂಡಿಸಿದ ಪಟ್ಟಿಗೆ ದಾರಿಯಾಯಿತು. ಆ ಪಟ್ಟಿಯೇ ಮತ್ತೆ ಮತ್ತೆ ಪರಿಷ್ಕರಣೆಯಾಗಿ ಇಂದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ ಆಗಿದೆ. ಅದರ 11ನೇ ಆವೃತ್ತಿ 2022ರಿಂದ ಜಾರಿಯಲ್ಲಿದೆ.

ಫಾರ್ ಜೊತೆ ಸೇರಿ ನೈಟಿಂಗೇಲ್ ಸೇನೆಯ ಸಾವುಗಳನ್ನು ವಿಂಗಡಿಸಿದರು. ಯುದ್ಧವಿಲ್ಲದ ಕಾಲದಲ್ಲೂ ಬ್ಯಾರಕ್ಕಿನ ಯುವ ಸೈನಿಕರು ಅದೇ ವಯಸ್ಸಿನ ನಾಗರಿಕರಿಗಿಂತ ಹೆಚ್ಚುಕಡಿಮೆ ಇಮ್ಮಡಿ ಪ್ರಮಾಣದಲ್ಲಿ ಸಾಯುತ್ತಿದ್ದರು ಎಂದು ತೋರಿಸಿದರು. ತಡೆಯಬಹುದಾದ ರೋಗಗಳಿಗೆ ನೀಲಿ, ಗಾಯಗಳಿಗೆ ಕೆಂಪು, ಉಳಿದದ್ದಕ್ಕೆ ಕಪ್ಪು ಬಣ್ಣ ಕೊಟ್ಟು ಬರೆದ ಚಕ್ರಾಕಾರದ ಚಿತ್ರಗಳು ಪ್ರಸಿದ್ಧ. 1858ರಲ್ಲಿ ಲಂಡನ್ನಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಅವರನ್ನು ಸದಸ್ಯೆಯಾಗಿ ಆರಿಸಿತು. ಆ ಸಂಸ್ಥೆಗೆ ಅವರೇ ಮೊದಲ ಮಹಿಳೆ. ಈ ವೇಳೆಗೆ ಆರೋಗ್ಯ ಪೂರಾ ಕೆಟ್ಟಿತ್ತು. ಹೆಚ್ಚಿನ ಕೆಲಸ ಹಾಸಿಗೆಯಿಂದಲೇ.

1860ರ ಫಾರಂ

ಸೇನೆಯಿಂದ ಅವರು ನಾಗರಿಕ ಆಸ್ಪತ್ರೆಗಳ ಕಡೆ ತಿರುಗಿದಾಗ ಕಂಡದ್ದು ಅದೇ ಗೊಂದಲ. ಲಂಡನ್ನಿನ ಪ್ರತಿ ದೊಡ್ಡ ಆಸ್ಪತ್ರೆಗೂ ತನ್ನದೇ ರೋಗಪಟ್ಟಿ, ತನ್ನದೇ ಲೆಕ್ಕದ ಕ್ರಮ. ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡುವಂತಿರಲಿಲ್ಲ.

ಅವರು ತಯಾರಿಸಿದ ಮಾದರಿ ಫಾರಂಗಳನ್ನು 1860ರ ಜುಲೈನಲ್ಲಿ ಲಂಡನ್ನಿನಲ್ಲಿ ನಡೆದ ಅಂತಾರಾಷ್ಟ್ರೀಯ ಅಂಕಿಅಂಶ ಸಮ್ಮೇಳನದಲ್ಲಿ ಚರ್ಚಿಸಿ ಒಪ್ಪಲಾಯಿತು. ಫಾರಂನ ತಿರುಳು ಇಷ್ಟು. ವರ್ಷದ ಆರಂಭದಲ್ಲಿ ಆಸ್ಪತ್ರೆಯಲ್ಲಿ ಇದ್ದವರೆಷ್ಟು, ವರ್ಷದಲ್ಲಿ ದಾಖಲಾದವರೆಷ್ಟು. ಹೋದವರಲ್ಲಿ ಗುಣವಾದವರು, ಸ್ವಲ್ಪ ಸುಧಾರಿಸಿದವರು, ಸುಧಾರಿಸದೇ ಹೋದವರು, ತಾವಾಗಿ ಹೊರಟವರು, ಸತ್ತವರು. ವರ್ಷದ ಕೊನೆಗೆ ಉಳಿದವರು. ಒಬ್ಬೊಬ್ಬರೂ ಸರಾಸರಿ ಎಷ್ಟು ದಿನ ಇದ್ದರು. ಇದೆಲ್ಲ ರೋಗವಾರು, ವಯಸ್ಸುವಾರು, ಗಂಡು-ಹೆಣ್ಣು ಎಂದು ಬೇರೆ ಬೇರೆ.

ಕಿರಾಣಿ ಅಂಗಡಿಯ ಲೆಕ್ಕ ಬಲ್ಲವರಿಗೆ ಇದರ ಜಾಣತನ ತಕ್ಷಣ ತಿಳಿಯುತ್ತದೆ. ಆರಂಭದ ದಾಸ್ತಾನು, ಬಂದದ್ದು, ಹೋದದ್ದು, ಉಳಿದದ್ದು. ಎರಡು ಕಡೆ ತಾಳೆಯಾಗಲೇಬೇಕು. ಸ್ಕುಟಾರಿಯಲ್ಲಿ ಮಾಯವಾದ ನೂರಾರು ಹೆಣಗಳು ಇಂಥ ಫಾರಂನಲ್ಲಿ ಮಾಯವಾಗಲಾರವು.

ಮುಂಬೈಯ ಪವಾಯಿಯಲ್ಲಿ ಕೂತು ಔಷಧ ಚೀಟಿಗಳನ್ನೂ ಆಸ್ಪತ್ರೆ ಫಾರಂಗಳನ್ನೂ ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನನ್ನ ಕಸುಬು. ಈ ಪಟ್ಟಿಯ ಕಷ್ಟ ನನಗೆ ದಿನವೂ ಎದುರಾಗುತ್ತದೆ. ನಮ್ಮ ಮಾತಿನಲ್ಲಿ ಡಿಸ್ಚಾರ್ಜ್ ಆಯ್ತು ಎಂದರೆ ವಾಸಿಯಾಯಿತು ಎಂದೇ ಕೇಳಿಸಿಕೊಳ್ಳುತ್ತಾರೆ. ದುಡ್ಡು ಮುಗಿದು ಕರೆದುಕೊಂಡು ಬಂದವರೂ ಡಿಸ್ಚಾರ್ಜೇ. ಗುಣವಾಗಿದೆ ಎಂಬ ಮಾತನ್ನು ಪೂರ್ತಿ ವಾಸಿಗೂ, ನಿನ್ನೆಗಿಂತ ಪರವಾಗಿಲ್ಲ ಎಂಬುದಕ್ಕೂ ಬಳಸುತ್ತೇವೆ. ಮಾತಿಗೆ ಇಷ್ಟು ಸಡಿಲ ಇರಬೇಕು, ಮನೆಮಂದಿಗೆ ಧೈರ್ಯ ಹೇಳುವುದು ಇಂಥ ಸಡಿಲ ಮಾತಿನಿಂದಲೇ. ಕಾಲಂಗೆ ಮಾತ್ರ ಅದು ಒಗ್ಗುವುದಿಲ್ಲ.

ಲಂಡನ್ನಿನ ಪ್ರಮುಖ ಆಸ್ಪತ್ರೆಗಳು 1861ರಲ್ಲಿ ಏಕರೂಪದ ಕ್ರಮಕ್ಕೆ ಒಪ್ಪಿದವು. ಮರುವರ್ಷ ಸ್ಟ್ಯಾಟಿಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಅಂಕಿಗಳು ಅಚ್ಚಾದವು. ಆದರೆ ಫಾರಂ ತುಂಬುವುದು ದುಬಾರಿ, ತ್ರಾಸದ ಕೆಲಸ. ಫಾರ್ ಅವರ ರೋಗ ವರ್ಗೀಕರಣ ಎಲ್ಲ ವೈದ್ಯರಿಗೂ ಒಪ್ಪಿಗೆಯಾಗಲಿಲ್ಲ. ಯೋಜನೆ ಕ್ರಮೇಣ ಕೈಬಿಟ್ಟುಹೋಯಿತು.

ಶೇಕಡಾ 90ರ ಗಲಾಟೆ

ನೈಟಿಂಗೇಲ್ ಕಥೆಯಲ್ಲಿ ನನಗೆ ಅತಿ ಮುಖ್ಯವೆನಿಸುವ ಘಟನೆ ಅವರ ಗೆಲುವಿನದಲ್ಲ. 1863ರಲ್ಲಿ ಅವರ ಆಸ್ಪತ್ರೆಗಳ ಕುರಿತ ಪುಸ್ತಕದ ಮೂರನೇ ಆವೃತ್ತಿ ಬಂತು. ಅದರಲ್ಲಿ ಫಾರ್ ಅವರಿಂದ ಪಡೆದ ಒಂದು ಕೋಷ್ಟಕ. ಲಂಡನ್ನಿನ 24 ಆಸ್ಪತ್ರೆಗಳ ಮರಣ ಪ್ರಮಾಣ ಶೇಕಡಾ 90.84 ಎಂದು ಅದು ಹೇಳಿತು. ಸಣ್ಣ ಊರುಗಳ ಆಸ್ಪತ್ರೆಗಳದ್ದು ಇದರ ಅರ್ಧಕ್ಕಿಂತ ಕಡಿಮೆ. ನೂರರಲ್ಲಿ ತೊಂಬತ್ತು ಜನ ಸಾಯುವ ಆಸ್ಪತ್ರೆಗೆ ಯಾರು ಹೋಗುತ್ತಾರೆ? ವೈದ್ಯಕೀಯ ಪತ್ರಿಕೆಗಳು ಸಿಡಿದೆದ್ದವು.

ಕೂಡುವುದರಲ್ಲಿ, ಭಾಗಿಸುವುದರಲ್ಲಿ ತಪ್ಪಿರಲಿಲ್ಲ. ಮೇಲಿನ ಅಂಶ 1861ರ ಇಡೀ ವರ್ಷದ ಸಾವುಗಳು, 3,828. ಕೆಳಗಿನ ಛೇದ ಆ ವರ್ಷದ ಏಪ್ರಿಲ್ 8ರಂದು, ಒಂದೇ ದಿನ, ಹಾಸಿಗೆಯಲ್ಲಿ ಇದ್ದವರು, 4,214. ಒಂದು ಊಹೆಯ ಆಸ್ಪತ್ರೆ ಇಟ್ಟುಕೊಂಡು ನೋಡೋಣ. 100 ಹಾಸಿಗೆ, ಸದಾ ಭರ್ತಿ. ಪ್ರತಿ ರೋಗಿ ಸರಾಸರಿ 36 ದಿನ ಇರುತ್ತಾನೆ ಎಂದರೆ ವರ್ಷಕ್ಕೆ ಸುಮಾರು 1,000 ಜನ ಬಂದು ಹೋಗುತ್ತಾರೆ. ಅವರಲ್ಲಿ 90 ಮಂದಿ ಸತ್ತರು. ಬಂದವರ ಲೆಕ್ಕದಲ್ಲಿ ಇದು ಶೇಕಡಾ 9. ಹಾಸಿಗೆಯ ಲೆಕ್ಕದಲ್ಲಿ ಶೇಕಡಾ 90. ಸಾವುಗಳು ಅವೇ, ಆಸ್ಪತ್ರೆಯೂ ಅದೇ.

ಊರಿನ ಜನಸಂಖ್ಯೆಗೆ ವರ್ಷದ ಸಾವುಗಳನ್ನು ಭಾಗಿಸುವ ಹಾಗೆಯೇ ಇದೂ ಎಂಬುದು ಫಾರ್ ಅವರ ಸಮರ್ಥನೆ. ಅದರಲ್ಲಿ ಹುರುಳಿಲ್ಲದೇ ಇಲ್ಲ. ಇಂದಿಗೂ ಆಸ್ಪತ್ರೆಯಲ್ಲಿ ತಗಲುವ ಸೋಂಕನ್ನು 1,000 ರೋಗಿ-ದಿನಗಳಿಗೆ ಇಷ್ಟು ಎಂದೇ ಎಣಿಸುತ್ತಾರೆ. ಆದರೆ ದೊಡ್ಡ ನಗರದ ಆಸ್ಪತ್ರೆಗೆ ಹೆಚ್ಚು ಕಷ್ಟದ ರೋಗಿಗಳು ಬರುತ್ತಾರೆ, ಹಾಸಿಗೆಗಳೂ ಬೇಗ ಬೇಗ ಖಾಲಿಯಾಗಿ ತುಂಬುತ್ತವೆ ಎಂಬುದನ್ನು ಬದಿಗಿಟ್ಟು, ಆ ಅಂಕಿಯಿಂದ ನಗರದ ಆಸ್ಪತ್ರೆಗಳೇ ಹೆಚ್ಚು ಅಪಾಯಕಾರಿ ಎಂದು ತೀರ್ಮಾನಿಸುವುದು ಸರಿಯಲ್ಲ. ಏಕರೂಪದ ಲೆಕ್ಕಕ್ಕಾಗಿ ಅಷ್ಟು ಹೋರಾಡಿದವರ ಪುಸ್ತಕದಲ್ಲೇ, ಓದುಗರು ಒಂದು ಅರ್ಥ ಮಾಡಿಕೊಳ್ಳುವ ಪದ ಇನ್ನೊಂದು ಅರ್ಥದಲ್ಲಿ ಅಚ್ಚಾಗಿತ್ತು. ಪತ್ರಿಕೆಯಲ್ಲಿ ಯಾವುದಾದರೂ ಆಸ್ಪತ್ರೆಯ ಮರಣ ಪ್ರಮಾಣ ಓದಿದಾಗ ಛೇದ ಯಾವುದು ಎಂದು ಹುಡುಕುವ ಅಭ್ಯಾಸ ನನಗೆ ಈ ಘಟನೆಯಿಂದ ಬಂದದ್ದು.

ಭಾರತಕ್ಕೆ ಬಂದ ಪ್ರಶ್ನಾವಳಿ

ನೈಟಿಂಗೇಲ್ ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಆದರೆ ಅವರ ಪ್ರಶ್ನೆಗಳು ಬಂದವು. 1859ರಲ್ಲಿ ಭಾರತದಲ್ಲಿನ ಸೇನೆಯ ನೈರ್ಮಲ್ಯ ಸ್ಥಿತಿ ಕುರಿತು ರಾಯಲ್ ಕಮಿಷನ್ ನೇಮಕವಾಯಿತು. ಇಲ್ಲಿನ ಎಲ್ಲ ಸೇನಾ ಠಾಣ್ಯಗಳಿಗೂ ಒಂದೇ ಪ್ರಶ್ನಾವಳಿ ಕಳಿಸಬೇಕು ಎಂದು ಪಟ್ಟುಹಿಡಿದು ಅದನ್ನು ಸಿದ್ಧಪಡಿಸಿದವರಲ್ಲಿ ನೈಟಿಂಗೇಲ್ ಮುಖ್ಯರು. ನೀರು ಎಲ್ಲಿಂದ, ಚರಂಡಿ ಎಲ್ಲಿಗೆ, ಒಬ್ಬೊಬ್ಬ ಸೈನಿಕನಿಗೆ ಎಷ್ಟು ಜಾಗ, ಯಾವ ರೋಗ, ಎಷ್ಟು ಸಾವು. ಉತ್ತರಗಳ ರಾಶಿ ಎಷ್ಟಿತ್ತೆಂದರೆ ಮನೆ ಬದಲಿಸುವಾಗ ಅವಕ್ಕೇ ಪ್ರತ್ಯೇಕ ಗಾಡಿ ಬೇಕಾಗುತ್ತಿತ್ತಂತೆ.

1863ರಲ್ಲಿ ಬಂದ ವರದಿ 2,000ಕ್ಕೂ ಹೆಚ್ಚು ಪುಟ. ಭಾರತದಲ್ಲಿ ಬ್ರಿಟಿಷ್ ಸೈನಿಕರ ವಾರ್ಷಿಕ ಮರಣ 1,000ಕ್ಕೆ 69 ಎಂದು ಲೆಕ್ಕ ಬಂತು. ನಮ್ಮ ಬೆಂಗಳೂರು ಕೂಡ ಅದರಲ್ಲಿದೆ. ದಂಡಿನ ಜನ ಕುಡಿಯುತ್ತಿದ್ದ ಹಲಸೂರು ಕೆರೆಗೆ ಕಿಕ್ಕಿರಿದ ಪೇಟೆಯ ಚರಂಡಿಯೂ ದಂಡುಪ್ರದೇಶದ ಬಹುಪಾಲು ಚರಂಡಿಯೂ ಬಂದು ಸೇರುತ್ತಿದ್ದವು ಎಂದು ನೈಟಿಂಗೇಲ್ ಎತ್ತಿ ತೋರಿಸಿದರು.

ನೀರಿನ ಪ್ರಶ್ನೆಗೆ ಬಂದ ಉತ್ತರಗಳನ್ನು ಅವರು ಚೆನ್ನಾಗಿಯೇ ಗೇಲಿ ಮಾಡಿದ್ದಾರೆ. ಹಲವು ಠಾಣ್ಯಗಳಲ್ಲಿ ನೀರಿನ ಪರೀಕ್ಷೆ ಎಂದರೆ ಮೂಸಿ ನೋಡುವುದು, ರುಚಿ ನೋಡುವುದು. ರಾಸಾಯನಿಕ ಪರೀಕ್ಷೆ ನಡೆದ ಕಡೆ ವರದಿ ಔಷಧ ಚೀಟಿಯಂತೆ ಕಾಣುತ್ತಿತ್ತು. ಲವಣಗಳ ಸಾಲು ಸಾಲು ಹೆಸರು, ಜೊತೆಗೆ ಕೊಳೆತ ವಸ್ತುಗಳು. ಫಾರ್ಮಸಿ ಓದಿದವರು ಇದನ್ನು ಓದಿ ನಗದೇ ಇರಲಾರರು. ಒಳ್ಳೆಯ ನೀರು ಎಂದರೇನು ಎಂದು ಪ್ರಶ್ನೆ ಕೇಳುವಾಗಲೇ ಹೇಳದಿದ್ದರೆ ಉತ್ತರ ಹೀಗೇ ಬರುತ್ತದೆ.

ಇಲ್ಲಿ ಪವಾಯಿಯ ಮಾತೊಂದು. ನಮ್ಮ ಪಕ್ಕದ ವಿಹಾರ್ ಕೆರೆಯಿಂದ ಮುಂಬೈಗೆ ಮೊದಲ ಕೊಳವೆ ನೀರು ಹರಿದದ್ದು 1860ರಲ್ಲಿ, ಲಂಡನ್ನಿನಲ್ಲಿ ಆ ಫಾರಂಗಳ ಚರ್ಚೆ ನಡೆದ ವರ್ಷವೇ. ಮೂವತ್ತು ವರ್ಷದ ನಂತರ ನೀರಿನ ಅಭಾವದ ಭಯದಲ್ಲಿ, 1891ರಲ್ಲಿ, ಪವಾಯಿ ಕೆರೆಯನ್ನೂ ಕಟ್ಟಿದರು. ಆದರೆ ಆ ನೀರು ಕುಡಿಯಲು ಯೋಗ್ಯವಲ್ಲ ಎಂದು ತಿಳಿದು ಕುಡಿಯುವ ಬಳಕೆಯನ್ನು ಕೈಬಿಟ್ಟರು. ಇಂದು ಅದರ ದಂಡೆಯಲ್ಲಿ ಸಂಜೆ ವಾಕಿಂಗ್ ಚೆನ್ನಾಗಿ ನಡೆಯುತ್ತದೆ.

ವರದಿಯ ಶಿಫಾರಸಿನಂತೆ 1864ರಲ್ಲಿ ಬಂಗಾಳ, ಮದ್ರಾಸ್, ಬಾಂಬೆ ಪ್ರಾಂತ್ಯಗಳಲ್ಲಿ ನೈರ್ಮಲ್ಯ ಆಯೋಗಗಳು ಬಂದವು. ಹತ್ತು ವರ್ಷದಲ್ಲಿ ಸೈನಿಕರ ಮರಣ 1,000ಕ್ಕೆ 18ಕ್ಕೆ ಇಳಿದಿದೆ ಎಂದು ನೈಟಿಂಗೇಲ್ ಬರೆದರು. ಇದು ದಂಡಿನ ಲೆಕ್ಕ. ದಂಡಿನ ಬೇಲಿಯ ಆಚೆ ಇದ್ದ ನಮ್ಮ ಜನ ಆ ವಿಚಾರಣೆಯಲ್ಲಿ ಬಹುಮಟ್ಟಿಗೆ ಸೈನಿಕರಿಗೆ ರೋಗ ಹಬ್ಬಿಸುವ ನೆರೆಹೊರೆ ಮಾತ್ರ. ನೈಟಿಂಗೇಲ್ ಸ್ವತಃ ಮುಂದೆ ರೈತರು, ಬರಗಾಲ, ನೀರಾವರಿ, ಹಳ್ಳಿಗಳ ನೈರ್ಮಲ್ಯ ಎಂದು ದಶಕಗಳ ಕಾಲ ಬರೆದರೂ ಹಳ್ಳಿಯ ಸಾವಿನ ಲೆಕ್ಕ ಸುಧಾರಿಸಲಿಲ್ಲ. ಪಟೇಲನೋ ಕಾವಲುಗಾರನೋ ಬರೆಸಿದ ಪಟ್ಟಿಯಲ್ಲಿ ಕಾಲರಾ, ಸಿಡುಬು ಬಿಟ್ಟರೆ ಬಹುತೇಕ ಎಲ್ಲ ಸಾವಿಗೂ ಕಾರಣ ಒಂದೇ: ಜ್ವರ. ಮಲೇರಿಯಾ, ವಿಷಮಶೀತ, ನ್ಯುಮೋನಿಯಾ, ಕ್ಷಯ, ಎಲ್ಲವೂ ಆ ಒಂದು ಪದದೊಳಗೆ. ಯಾವ ಊರಿಗೆ ಕ್ವಿನೈನ್ ಕಳಿಸಬೇಕು, ಯಾವ ಊರಿನ ಬಾವಿ ಸರಿಪಡಿಸಬೇಕು ಎಂದು ಆ ಪಟ್ಟಿ ನೋಡಿ ಯಾರೂ ಹೇಳುವಂತಿರಲಿಲ್ಲ.

ಹೆರಿಗೆ ವಾರ್ಡು

1862ರ ಹೊತ್ತಿಗೆ ನೈಟಿಂಗೇಲ್ ನಿಧಿಯ ನೆರವಿನಿಂದ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಸೂಲಗಿತ್ತಿಯರ ತರಬೇತಿಗೆಂದು ಹೆರಿಗೆ ವಾರ್ಡು ತೆರೆದಿತ್ತು. ಬಾಣಂತಿ ಜ್ವರ ಅಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿತು. 780 ಹೆರಿಗೆಗಳಲ್ಲಿ ತಾಯಂದಿರ ಸಾವು 1,000ಕ್ಕೆ 33ರ ಪ್ರಮಾಣ ಮುಟ್ಟಿತು. ಇಂಗ್ಲೆಂಡಿನಲ್ಲಿ ಒಟ್ಟಾರೆ ಅದು 5ರ ಆಸುಪಾಸಿನಲ್ಲಿತ್ತು. 1867ರಲ್ಲಿ ವಾರ್ಡು ಮುಚ್ಚಿದರು.

ತಮ್ಮದೇ ನಿಧಿಯ ವಾರ್ಡು ತಾಯಂದಿರನ್ನು ಕೊಲ್ಲುತ್ತಿದೆ ಎಂಬ ಅಂಕಿಯನ್ನು ಅವರು ಮುಚ್ಚಿಡಲಿಲ್ಲ. ಬೇರೆ ಆಸ್ಪತ್ರೆಗಳ ಅಂಕಿ ಕೇಳಿದರು, 1871ರಲ್ಲಿ ಅದೆಲ್ಲವನ್ನೂ ಪುಸ್ತಕವಾಗಿ ತಂದರು. ಅಲ್ಲೂ ಎದುರಾದದ್ದು ಹಳೆಯ ಸಮಸ್ಯೆಯೇ, ಹೆರಿಗೆಯ ಸಾವುಗಳಿಗೆ ಎಲ್ಲರೂ ಒಪ್ಪಿದ ದಾಖಲೆಯ ಕ್ರಮವೇ ಇರಲಿಲ್ಲ. ಹೆತ್ತ ಹತ್ತನೇ ದಿನ ಮನೆಗೆ ಹೋಗಿ ಹನ್ನೆರಡನೇ ದಿನ ಸತ್ತ ತಾಯಿ ಆಸ್ಪತ್ರೆಯ ಪುಸ್ತಕದಲ್ಲಿ ಆರೋಗ್ಯವಾಗಿ ಹೋದವಳಾಗಿಯೇ ಉಳಿಯಬಹುದು. ಈಗಿನ ವ್ಯಾಖ್ಯೆ ಈ ಕಿಂಡಿಯನ್ನು ಮುಚ್ಚುತ್ತದೆ. ಗರ್ಭಿಣಿಯಾಗಿರುವಾಗ ಅಥವಾ ಗರ್ಭಾವಸ್ಥೆ ಕೊನೆಗೊಂಡ 42 ದಿನಗಳೊಳಗೆ, ಅದಕ್ಕೆ ಸಂಬಂಧಿಸಿದ ಅಥವಾ ಅದರಿಂದ ಉಲ್ಬಣಗೊಂಡ ಕಾರಣದಿಂದ ಆದ ಸಾವು ತಾಯಿ ಮರಣ. ಮನೆಯಲ್ಲಾದರೂ, ದಾರಿಯ ಆಂಬುಲೆನ್ಸಿನಲ್ಲಾದರೂ ಅದು ಲೆಕ್ಕಕ್ಕೆ ಬರಬೇಕು. ಅಪಘಾತದ ಸಾವು ಇದರಲ್ಲಿ ಸೇರುವುದಿಲ್ಲ. ಆಶಾ ಕಾರ್ಯಕರ್ತೆ ಬಾಣಂತಿ ಮನೆಗೆ ಮತ್ತೆ ಮತ್ತೆ ಬಂದು ವಿಚಾರಿಸುವಾಗ ಕಿರಿಕಿರಿ ಎನಿಸಿದರೆ ಈ 42 ದಿನಗಳನ್ನು ನೆನಪಿಸಿಕೊಳ್ಳಿ.

ನಮ್ಮಲ್ಲಿ ಈ ಕೆಲಸ ಈಗ ಕಂಪ್ಯೂಟರಿನೊಳಗೆ ನಡೆಯುತ್ತಿದೆ. ರೋಗ, ಲಕ್ಷಣ, ಚಿಕಿತ್ಸೆಗಳಿಗೆ ಒಂದೊಂದು ಸಂಕೇತ ಕೊಡುವ ಸ್ನೋಮೆಡ್ ಸಿಟಿ ಎಂಬ ಪದಕೋಶಕ್ಕೆ ಭಾರತ 2014ರಲ್ಲಿ ಸದಸ್ಯನಾಯಿತು. ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಮಾನಕಗಳು 2013ರಲ್ಲಿ ಬಂದು 2016ರಲ್ಲಿ ಪರಿಷ್ಕರಣೆಯಾದವು. ಇದರ ರಾಷ್ಟ್ರೀಯ ಸಂಪನ್ಮೂಲ ಕೇಂದ್ರ ಪುಣೆಯ ಸಿ-ಡ್ಯಾಕ್‌ನಲ್ಲಿದೆ. 2021ರ ಸೆಪ್ಟೆಂಬರ್‌ನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಾದ್ಯಂತ ಆರಂಭವಾಯಿತು. ಹುಬ್ಬಳ್ಳಿಯಲ್ಲಿ ಬರೆದ ದಾಖಲೆಯನ್ನು ಮುಂಬೈಯ ವೈದ್ಯರು ತೆರೆದಾಗ ಸಕ್ಕರೆ ಕಾಯಿಲೆ ಯಾವ ವಿಧದ್ದು, ಯಾವ ಔಷಧಕ್ಕೆ ಅಲರ್ಜಿ ಎಂಬುದು ಅದೇ ಅರ್ಥದಲ್ಲಿ ಕಾಣಬೇಕು ಎಂಬುದು ಇವೆಲ್ಲದರ ಗುರಿ. ಸಂಕೇತ ಎಷ್ಟೇ ಚೆನ್ನಾಗಿದ್ದರೂ ಅದನ್ನು ತುಂಬುವವರು ರಾತ್ರಿ ಪಾಳಿಯ ನರ್ಸ್, ಕಿರಿಯ ವೈದ್ಯರು, ಡೇಟಾ ಆಪರೇಟರ್. 1860ರ ಫಾರಂ ಸೋತದ್ದು ತುಂಬುವವರ ಕೈಯಲ್ಲಿ ಸಮಯ ಇರಲಿಲ್ಲ ಎಂಬ ಕಾರಣಕ್ಕೂ ಹೌದು. ಈ ಬಾರಿ ಅವರ ಸಮಯಕ್ಕೂ ಬೆಲೆ ಕಟ್ಟಿದ್ದಾರೆಯೇ ಎಂಬುದು ನನ್ನ ಅನುಮಾನ.

ನೈಟಿಂಗೇಲ್ ಕೊನೆಯ ತನಕ ಅಂಕಿಗಳನ್ನು ಬಿಡಲಿಲ್ಲ. 1891ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಆಕ್ಸ್‌ಫರ್ಡ್‌ನಲ್ಲಿ ಅಂಕಿಅಂಶ ಶಾಸ್ತ್ರಕ್ಕೆ ಒಂದು ಪೀಠ ಬೇಕೆಂದು ಫ್ರಾನ್ಸಿಸ್ ಗಾಲ್ಟನ್ ಜೊತೆ ಪತ್ರ ವ್ಯವಹಾರ ನಡೆಸಿದರು; ಅದು ಕೈಗೂಡಲಿಲ್ಲ. ನಂತರದ ವರ್ಷಗಳಲ್ಲಿ ದೃಷ್ಟಿ ಹೋಯಿತು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವ ಬಂತು, ಅದನ್ನು ಪಡೆದ ಮೊದಲ ಮಹಿಳೆ ಅವರೇ. 1910ರ ಆಗಸ್ಟ್ 13ರಂದು ಲಂಡನ್ನಿನಲ್ಲಿ ತೀರಿಕೊಂಡರು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡುವ ಪ್ರಸ್ತಾಪವನ್ನು ಮನೆಯವರು ಒಪ್ಪಲಿಲ್ಲ. ಈಸ್ಟ್ ವೆಲ್ಲೋ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದರು. ಅಲ್ಲಿನ ಕಲ್ಲಿನ ಮೇಲೆ ಅವರ ಹೆಸರಿನ ಎರಡು ಮೊದಲಕ್ಷರ, ಹುಟ್ಟಿದ ಮತ್ತು ಸತ್ತ ದಿನಾಂಕ ಮಾತ್ರ ಇವೆ.